ಅರ್ಧ ಕೊಯ್ತಾದವಳ ತವರು

ಕಬ್ಬು ಕಡಿಯುವವರ ಮಾತು ಹಿಡಿದು ತರಲು ಹೋದ ದಿನ ತಪ್ಪಾಗಬಹುದಾಗಿದ್ದ ಸಂಗತಿಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. ಅವು ಹೊರಬೀಳದೆ ನನಗೆ ಬೇರೇನೂ ನೆನಪಿಗೆ ಬರುವುದಿಲ್ಲ.

ಫೋನಿನ ಚಾರ್ಜು ಮುಗಿಯಬಹುದಿತ್ತು. ಚಾರ್ಜು ಉಳಿದರೂ ಮಾತೆಲ್ಲ ಕಬ್ಬಿನ ಒಣಗರಿ ರವದಿಯ ಚರಚರ ಸದ್ದಿನಲ್ಲಿ ಮುಳುಗಿ, ಗಾಳಿಯೊಂದೇ ಧ್ವನಿಮುದ್ರಣವಾಗಬಹುದಿತ್ತು. ಕಬ್ಬಿನ ಹೊಲದಲ್ಲಿ ಹಾವಿರಬಹುದಿತ್ತು, ಹಾವಿಲ್ಲದಿದ್ದರೆ ಹಂದಿ. ಹುಡುಗರಲ್ಲೊಬ್ಬ ಹುಡುಗಿಯರೆದುರು ಶೂರನಾಗಲು ಹೋಗಿ, ಕೂಲಿಯವರ ಕೊಯ್ತಾ ಇಸಿದುಕೊಂಡು, ಕಬ್ಬಿನ ಬದಲು ತನ್ನ ಮೊಣಕಾಲ ಕೆಳಗೆ ಬೀಸಬಹುದಿತ್ತು. ಎರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರು ತಿರುವಿನಲ್ಲಿ ವಾಲಿ, ಅಷ್ಟೂ ಕಬ್ಬು ನಮ್ಮ ಕಾರಿನ ಮೇಲೆ ಬೀಳಬಹುದಿತ್ತು. ಕಾರಾದರೂ ಎಂಥದ್ದು: ಹಿಂದಿನ ಬಾಗಿಲ ರಬ್ಬರು ಸಡಿಲಾಗಿ ಧೂಳು ನೀರು ಎರಡಕ್ಕೂ ಸ್ವಾಗತ. ಬಿಸಿಲಿಗೆ ಯಾರಾದರೂ ತಲೆ ತಿರುಗಿ ಬೀಳಬಹುದಿತ್ತು, ಬಿದ್ದವರ ತಂದೆ ಮರುದಿನ ಕಾಲೇಜಿಗೆ ಬರಬಹುದಿತ್ತು. ಮುಕಾದಮ, ಅಂದರೆ ಆ ಕೂಲಿಯವರ ಗುಂಪಿನ ಯಜಮಾನ, ನಮ್ಮನ್ನು ಪೇಪರಿನವರೆಂದು ತಿಳಿದು ಓಡಿಸಬಹುದಿತ್ತು. ಓಡಿಸದೆ ಒಳಗೆ ಕರೆದರೆ ಇನ್ನೂ ಕಷ್ಟ. ಯಾರೂ ಏನೂ ಹೇಳದೆ ಸುಮ್ಮನೆ ನಮ್ಮ ಮುಖ ನೋಡುತ್ತ ಕೂತುಬಿಡಬಹುದಿತ್ತು. ಅಥವಾ ಅವರು ಹೇಳುವುದನ್ನು ಕೇಳಿ ನಾನೇ ಅತ್ತುಬಿಡಬಹುದಿತ್ತು, ವಿದ್ಯಾರ್ಥಿಗಳೆದುರು, ಐವತ್ತು ದಾಟಿದ ಮೇಲೆ.

ಹಿಂದಿನ ದಿನ ಇದನ್ನೆಲ್ಲ ಮನೆಯವರಿಗೆ ಒಪ್ಪಿಸಿದೆ. ಅವರು ಕೇಳುವಷ್ಟು ಕೇಳಿ, ಇದರಲ್ಲಿ ಯಾವುದು ಮೊದಲು ಆಗುವುದೆಂದು ಗುರುತು ಹಾಕಿಕೊಟ್ಟರೆ ತಾವು ಆ ಹೊತ್ತಿಗೆ ರಜೆ ತೆಗೆದುಕೊಂಡಿರುವುದಾಗಿ ಹೇಳಿ, ರೊಟ್ಟಿ ಮುರಿದರು.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಆ ವರ್ಷ ಕೊನೆಯ ವರ್ಷದ ಮಕ್ಕಳಿಗೆ ಒಂದು ಕೆಲಸ ಹಚ್ಚಿದ್ದೆ: ಬೇರೆ ನಾಡಿನಿಂದ ಈ ಕಡೆಗೆ ದುಡಿಯಲು ಬಂದವರನ್ನು ಮಾತಾಡಿಸಿ, ಅವರು ನಡೆದು ಬಂದ ದಾರಿಯನ್ನು ಅವರ ಬಾಯಿಂದಲೇ ಕೇಳಿ, ಧ್ವನಿ ಹಿಡಿದು ತರುವುದು. ಮಕ್ಕಳು ಮೊದಮೊದಲು ಗೊಣಗಿದರು. ನಿಪ್ಪಾಣಿಯಲ್ಲಿ ಚಳಿಗಾಲಕ್ಕೆ ಸ್ವೆಟರ್ ಹರವಿಕೊಂಡು ಕೂರುವ ಟಿಬೆಟಿನ ಅಜ್ಜಿಯೊಬ್ಬಳನ್ನು ಕೇಳಲು ಹೋದವರು ಎರಡು ಸ್ವೆಟರ್ ಕೊಂಡು ಬಂದರು. ಅವಳ ತಾಯಿ ಹಿಮದ ಬೆಟ್ಟ ದಾಟುವಾಗ ಇವಳನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಕತೆ ಆ ಸ್ವೆಟರಿನ ಜೊತೆ ಬಿಟ್ಟಿಯಾಗಿ ಬಂದಿತ್ತು. ಕಾಗವಾಡದ ಹತ್ತಿರ ಕೈಗಾಡಿಯಲ್ಲಿ ನೂಡಲ್ಸ್ ಮಾಡುವ ನೇಪಾಳದವನನ್ನು ಕೇಳಲು ಹೋದವರು, ಅವನೇ ತಿರುಗಿ ಇವರ ಊರು, ಮನೆತನ, ಹೊಲ ಎಷ್ಟು ಎಂದೆಲ್ಲ ವಿಚಾರಿಸಿದ್ದಕ್ಕೆ ಉತ್ತರ ಕೊಟ್ಟು ಸುಸ್ತಾಗಿ ಬಂದರು. ಆಮೇಲಾಮೇಲೆ ಅವರಿಗೂ ರುಚಿ ಹತ್ತಿತು. ಕ್ಯಾಂಟೀನಿನಲ್ಲಿ ಒಬ್ಬರ ಫೋನು ಇನ್ನೊಬ್ಬರ ಕಿವಿಯಲ್ಲಿ. ಆ ವರ್ಷದ ತರಗತಿಯಂಥದು ಮತ್ತೆ ನನಗೆ ಸಿಕ್ಕಿಲ್ಲ. ಈಗ ಅವರಲ್ಲಿ ಯಾರು ಎಲ್ಲಿದ್ದಾರೋ; ಹಬ್ಬಕ್ಕೆ ಹೂವಿನ ಚಿತ್ರ ಕಳಿಸುತ್ತಾರೆ, ಅಷ್ಟೇ.

ಕಬ್ಬು ಕಡಿಯುವವರನ್ನು ಮಾತ್ರ ಯಾರೂ ಆರಿಸಿಕೊಂಡಿರಲಿಲ್ಲ. ಅವರು ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಬರುತ್ತಾರೆ, ಬೇಸಿಗೆ ಬಲಿಯುವ ಹೊತ್ತಿಗೆ ಹೋಗುತ್ತಾರೆ. ನಮಗೆ ಅವರು ಋತುವಿನ ಹಾಗೆ, ಮಾತಾಡಿಸಬೇಕೆಂದು ತೋಚುವುದಿಲ್ಲ. ನನಗೆ ತೋಚಿದ್ದಕ್ಕೂ ದೊಡ್ಡ ಕಾರಣವಿಲ್ಲ. ಅಥಣಿ ಕಡೆಯ ನಮ್ಮ ತೋಟದಲ್ಲಿ ಚಿಕ್ಕಂದಿನಲ್ಲಿ ಅವರ ಕೊಪ್ಪಿಗಳು ಏಳುತ್ತಿದ್ದವು: ಬಿದಿರ ತಟ್ಟಿ ಬಗ್ಗಿಸಿ ನಿಲ್ಲಿಸಿದ, ಬೋರಲು ಹಾಕಿದ ಬುಟ್ಟಿಯಂಥ ಗುಡಿಸಲುಗಳು. ಅವ್ವ ಅವರಿಗೆ ಮಜ್ಜಿಗೆ ಕೊಟ್ಟು, ಎಮ್ಮೆಗೆ ಕಬ್ಬಿನ ಹಸಿರು ತುದಿ ಕಟ್ಟಿದ ಸಿವುಡು ಇಸಿದುಕೊಳ್ಳುತ್ತಿದ್ದಳು. ನಾನು ಆ ಕೊಪ್ಪಿಗಳಲ್ಲಿ ಹೊಕ್ಕು ಹೊರಬಂದು ಆಡುತ್ತಿದ್ದೆ. ಒಂದು ದಿನ ಶಾಲೆಯಿಂದ ಬಂದರೆ ಯಾರೂ ಇರುತ್ತಿರಲಿಲ್ಲ. ನೆಲದ ಮೇಲೆ ಕೊಪ್ಪಿಯಿದ್ದಷ್ಟು ಜಾಗ ಗುಂಡಗೆ ನುಣ್ಣಗೆ ಹೊಳೆಯುತ್ತಿತ್ತು, ಪಕ್ಕದಲ್ಲಿ ಕಪ್ಪಾದ ಮೂರು ಕಲ್ಲು. ಎಲ್ಲಿಗೆ ಹೋದರು ಎಂದರೆ ಅವರ ಊರಿಗೆ ಅನ್ನುತ್ತಿದ್ದಳು ಅವ್ವ. ಅವರ ಊರು ಯಾವುದು ಎಂದರೆ, ರೊಟ್ಟಿ ತಿನ್ನು ಅನ್ನುತ್ತಿದ್ದಳು.

ಹಾಗೆ ಒಂದು ಮಾರ್ಚಿನ ದಿನ ರಾಯಬಾಗದ ರಸ್ತೆಯಲ್ಲಿ, ಕಾಲುವೆಯ ಪಕ್ಕದ ಒಂದು ತಂಡದ ಬಳಿ ಹೋದೆವು. ಹಾವು ಇರಲಿಲ್ಲ. ಮುಕಾದಮ ಓಡಿಸಲಿಲ್ಲ, ಟ್ರಕ್ಕು ಬರುವ ತನಕ ಯಾರನ್ನು ಬೇಕಾದರೂ ಮಾತಾಡಿಸಿ, ಟ್ರಕ್ಕು ಬಂದರೆ ದೇವರು ಬಂದರೂ ಬಿಡುವುದಿಲ್ಲ ಎಂದ. ಕಡಿದ ಕಬ್ಬನ್ನು ಟ್ರಕ್ಕಿಗೆ ಏರಿಸುವುದೂ ಅವರದೇ ಕೆಲಸ, ಟ್ರಕ್ಕಿಗೆ ಹೊತ್ತುಗೊತ್ತಿಲ್ಲ.

ನಮಗೆ ಮಾತಿಗೆ ಸಿಕ್ಕವಳು ಅರವತ್ತರ ಹತ್ತಿರದ ಹೆಂಗಸು. ಮಹಾರಾಷ್ಟ್ರದ ಬೀಡ ಕಡೆಯವಳು. ಮರಾಠಿ ಅವಳ ಭಾಷೆ, ಆದರೆ ವರ್ಷಗಟ್ಟಲೆ ಈ ಕಡೆ ಕಡಿದು ಕಡಿದು ಅವಳ ಬಾಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಸಿವುಡಾಗಿದ್ದವು. ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಹುಡುಗರು ಆಯಿ, ಅಂದರೆ ಅವ್ವ, ಎಂದು ಕರೆದರು, ನಾನೂ ಹಾಗೇ ಕರೆದೆ. ಅವಳು ನನ್ನನ್ನು ಬಾಯಿ ಎಂದಳು. ಗಡಿಯಲ್ಲಿ ಟೀಚರಮ್ಮಂದಿರೆಲ್ಲ ಬಾಯಿಗಳೇ.

ಪ್ರಶ್ನೆ ಕೇಳುವ ಸರದಿ ಚಿಂಚಲಿ ಕಡೆಯ ಹುಡುಗಿಯದು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅದು, ಇಲ್ಲಿ ಮಾತ್ರ ಮೊಮ್ಮಗಳ ಹಾಗೆ ಒತ್ತಿ ಕೂತು ಒಂದೊಂದೇ ಕೇಳಿತು. ಎಷ್ಟು ಮಂದಿ ದುಡಿಯುತ್ತೀರಿ ಎಂದಾಗ ಆಯಿ, ತಾನು ಈಗ ಅರ್ಧ ಕೊಯ್ತಾ ಎಂದಳು. ಇವರಲ್ಲಿ ಆಳು ಲೆಕ್ಕವಿಲ್ಲ. ಕೊಯ್ತಾ ಎಂದರೆ ಕುಡುಗೋಲು, ಕೊಯ್ತಾ ಎಂದರೆ ಗಂಡಹೆಂಡತಿ ಜೋಡಿಯೂ. ಅವನು ಕಡಿಯಬೇಕು, ಅವಳು ಕಟ್ಟಬೇಕು. ಗಂಡ ಹೋದ ಮೇಲೆ ಇವಳು ಅರ್ಧ ಉಳಿದಿದ್ದಳು. ಅದನ್ನು ಅಳುತ್ತ ಹೇಳಲಿಲ್ಲ. ಅರ್ಧವಾದರೂ ಬಾಯಿ ಪೂರಾ ಇದೆ ಎಂದು ಪಕ್ಕದ ಕೊಪ್ಪಿಯ ಹೆಂಗಸು ಚುಚ್ಚಿದಳು, ಎಲ್ಲರೂ ನಕ್ಕರು.

ನಿಮ್ಮ ತವರು ಯಾವುದು ಎಂದು ಹುಡುಗಿ ಕೇಳಿದ್ದು ಆಮೇಲೆ. ನಾವು ಬರೆದುಕೊಂಡು ಹೋದ ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಆಯಿ ಎಣ್ಣೆಯ ಬಾಟಲಿಗೆ ಬಿರಡೆ ಹಾಕಿದಳು. ತವರಿಲ್ಲ ಎಂದಳು. ತಂದೆತಾಯಿ ಇಲ್ಲದವಳನ್ನು ಸೋದರಮಾವ ಸಾಕಿ, ಮದುವೆ ಮಾಡಿ, ಕೈ ತೊಳೆದುಕೊಂಡಿದ್ದ. ಚೊಚ್ಚಲು ಬಸಿರಿನಲ್ಲೂ ಕಬ್ಬಿಗೆ ಬಂದಳು. ಹೆರಿಗೆ ನೋವು ಬಂದದ್ದು ಇದೇ ಸೀಮೆಯ ಯಾವುದೋ ತೋಟದಲ್ಲಿ. ತೋಟದ ಮನೆಯ ಯಜಮಾನತಿ ಕೊಪ್ಪಿಗೆ ಬಂದು ನೋಡಿ, ಇವಳನ್ನು ಎಬ್ಬಿಸಿ ತನ್ನ ಮನೆಯ ಪಡಸಾಲೆಗೆ ಕರೆದೊಯ್ದು ಹಡೆಸಿದಳು. ಬಿಸಿನೀರು ಹಾಕಿದಳು, ಬಾಣಂತಿಗೆ ಕೊಡುವ ಅಂಟಿನುಂಡಿ ತಿನ್ನಿಸಿದಳು. ಹೋಗುವಾಗ ಹೇಳಿ ಹೋಗು, ಉಡಿ ತುಂಬಿ ಕಳಿಸುತ್ತೇನೆ ಎಂದಿದ್ದಳು, ಹೆತ್ತ ತಾಯಿ ಅನ್ನುವ ಹಾಗೆ. ಆದರೆ ಸಕ್ಕರೆ ಫ್ಯಾಕ್ಟರಿಯವರು ಒಮ್ಮೆಲೇ ತಂಡವನ್ನು ಬೇರೆ ಊರಿನ ಕಬ್ಬಿಗೆ ಎತ್ತಿಹಾಕಿದರು. ಕೂಸನ್ನು ಎತ್ತಿಕೊಂಡು ಗಾಡಿ ಹತ್ತುವಾಗ ಆ ಮನೆಗೆ ಬೀಗ. ಅವರು ಸಂತೆಗೆ ಹೋಗಿದ್ದರು. ಆಮೇಲೆ ಎಷ್ಟೋ ವರ್ಷ ಬಂದಳು, ಆ ತೋಟದ ಕಬ್ಬು ಇವಳ ಪಾಲಿಗೆ ಬರಲೇ ಇಲ್ಲ. ಊರಿನ ಹೆಸರನ್ನೂ ಕೇಳಿರಲಿಲ್ಲ. ಕೂಲಿಯವರಿಗೆ ಹೊಲ ಗೊತ್ತಿರುತ್ತದೆ, ಊರಿನ ಹೆಸರು ಟ್ರಕ್ಕಿನವನಿಗೆ ಗೊತ್ತಿರುತ್ತದೆ.

ಹುಟ್ಟಿದ ಆ ಕೂಸು ಈಗ ಬಸುರಿ. ಮದುವೆಯಾಗಿ ಬಹಳ ವರ್ಷದ ಮೇಲೆ ನಿಂತ ಬಸಿರು. ಮಳೆಗಾಲದಲ್ಲಿ ಹೆರಿಗೆಗೆ ಇವಳ ಮನೆಗೆ ಬರುತ್ತಾಳೆ. ಹಾಗಾಗಿ ಮುಂದಿನ ವರ್ಷ ಆಯಿ ಕಬ್ಬಿಗೆ ಬರುವುದಿಲ್ಲ, ಮೊಣಕಾಲೂ ಬೇಡವೆಂದಿದೆ.

"ತವರ ಕಾಣದಾಕಿ ನಾ ಮಗಳಿಗೆ ತವರ ಹ್ಯಾಂಗ ಆಗ್ಲಿ, ಬಾಯಿ?" ಎಂದಳು. "ಒಮ್ಮೆ ಆ ಅಂಗಳದಾಗ ನಿಂತ ಬರ್ತೀನಿ. ಹುಡುಕಿ ಕೊಡ್ತೀರೇನು?"

ಪ್ರಶ್ನೆ ಕೇಳಲು ಹೋದವರಿಗೆ ಪ್ರಶ್ನೆ ಬಂದಿತ್ತು. ನಾನು ಎಂದಿನಂತೆ ಇಂಥ ಪರಿಸ್ಥಿತಿಗೆ ಕಾಲೇಜಿನ ಅನುಮತಿ ಬೇಕೋ ಹೇಗೆ ಎಂದು ಯೋಚಿಸುತ್ತಿದ್ದೆ. ಹುಡುಗಿ ಅಷ್ಟರಲ್ಲಿ, ಆ ಮನೆಯಲ್ಲಿ ಏನೇನಿತ್ತು ಎಂದು ಕೇಳಿಯಾಗಿತ್ತು. ಆಯಿ ಒಂದೊಂದೇ ಎಣಿಸಿದಳು: ಹಿತ್ತಲಾಚೆ ರೈಲು ಹೋಗುತ್ತಿತ್ತು. ಮನೆ ಮುಂದಿನ ದಾರಿಯಲ್ಲಿ ಮಾಯಕ್ಕದೇವಿಗೆ ಹೋಗುವ ಗಾಡಿಗಳು ಅರಿಸಿನದ ಭಂಡಾರ ಎರಚಿಕೊಂಡು ಹೋಗುತ್ತಿದ್ದವು. ಕೂಸಿನ ಲಂಗೋಟಿ ಒಣಹಾಕಿದರೆ ಹಳದಿಯಾಗುತ್ತಿತ್ತು. ಹಿತ್ತಲಲ್ಲಿ ದನಕ್ಕೆ ನೀರಿಡುವ ಕಲ್ಲಿನ ಬಾನಿ, ಒಂದೇ ಕಲ್ಲಿನಲ್ಲಿ ಎರಡು ಗುಳಿ, ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದರಲ್ಲಿ ಕೂಸಿನ ಬಟ್ಟೆ ಸೆಳೆಯುತ್ತಿದ್ದಳಂತೆ.

"ಹಿಂದ ರೈಲ, ಮುಂದ ಮಾಯಕ್ಕನ ದಾರಿ. ಇದು ನಮ್ಮ ಕಡೇನರಿ," ಎಂದು ಹುಡುಗಿ ಅಜ್ಜನಿಗೆ ಫೋನು ಹಚ್ಚಿತು; ಮಾಯಕ್ಕನ ಗುಡಿ ಇರುವುದು ಚಿಂಚಲಿಯಲ್ಲೇ. ಅಜ್ಜ ಕಿವುಡ. ಇವಳು ಕೂಗಿ ಕೂಗಿ ಬಾನಿ ಬಾನಿ ಎಂದದ್ದು ಹೊಲದ ತುಂಬ ಕೇಳಿತು. ಎರಡು ಗುಳಿಯ ಬಾನಿಯಿರುವ ತೋಟದ ಮನೆಗಳು ಆ ದಾರಿಗೆ ಎರಡು ಎಂದನಂತೆ ಅಜ್ಜ, ಅದರ ಜೊತೆಗೆ ಆ ಮನೆಗಳವರ ಅಣ್ಣತಮ್ಮಂದಿರ ಜಗಳವನ್ನೂ ಹೇಳಿದನಂತೆ.

ಬೈಕು ತಂದಿದ್ದ ಒಬ್ಬ ಹುಡುಗನನ್ನು, ತರಗತಿಯ ನಗೆಗಾರ ಅವನು, ಟ್ರಕ್ಕಿನ ಕಾವಲಿಗೆ ಬಿಟ್ಟೆವು. ಟ್ರಕ್ಕು ಕಂಡರೆ ಫೋನು ಮಾಡಬೇಕು, ಮುಕಾದಮನನ್ನು ಮಾತಿನಲ್ಲಿ ಹಿಡಿಯಬೇಕು. ಉಳಿದವರನ್ನೂ ಅಲ್ಲೇ ಬಿಟ್ಟು ನಾನು, ಹುಡುಗಿ, ಆಯಿ ಕಾರು ಹತ್ತಿದೆವು. ಆಯಿ ಕಾಲಿನ ಧೂಳು ಜಾಡಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಕೂತಳು. ಎಷ್ಟು ಹೇಳಿದರೂ ಚಪ್ಪಲಿ ಕೆಳಗಿಡಲಿಲ್ಲ. ಮೊದಲ ಮನೆಯ ಬಾನಿ ಸಿಮೆಂಟಿನದಾಗಿತ್ತು. ಕಲ್ಲಿನದನ್ನು ಒಡೆದು ತಳಪಾಯಕ್ಕೆ ಹಾಕಿದ್ದೇವೆ ಎಂದರು ಆ ಮನೆಯವರು. ಆಯಿ ಆ ಅಂಗಳ ನೋಡಿ ಇದಲ್ಲ ಎಂದಳು, ಆದರೆ ಅವಳ ದನಿ ಅಷ್ಟು ಗಟ್ಟಿ ಇರಲಿಲ್ಲ. ನಾನು ಆಗಲೇ ವಾಪಸು ಹೋಗುವ ದಾರಿಯಲ್ಲಿ ಹೇಳಬೇಕಾದ ಸಮಾಧಾನದ ಮಾತು ಹೊಂದಿಸುತ್ತಿದ್ದೆ.

ಎರಡನೆಯ ಮನೆಯ ಅಂಗಳದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಹೊಸ ಗೋಧಿ ಹರವಿಕೊಂಡು ಹಸನು ಮಾಡುತ್ತಿದ್ದಳು. ಕಾರು ಕಂಡು, ಯಾವ ಸರ್ವೇಗೆ ಬಂದಿರಿ ಎಂದಳು. ಹುಡುಗಿ ಹೇಳತೊಡಗಿತು. ಆಯಿ ಅದು ಮುಗಿಯಲು ಕಾಯದೆ ಗೋಡೆ ಹಿಡಿದುಕೊಂಡು ಹಿತ್ತಲಿಗೆ ನಡೆದಳು. ನಾವು ಹಿಂದೆ ಹೋದಾಗ ಕಲ್ಲಿನ ಬಾನಿಯ ಮೇಲೆ ಬಾಗಿ ನಿಂತು, ಸಣ್ಣ ಗುಳಿಯೊಳಗೆ ಕೈಯಿಟ್ಟಿದ್ದಳು. ಅದರಲ್ಲೀಗ ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು. ಆಚೆ ರೈಲು ಹಳಿ ಕಾಣುತ್ತಿತ್ತು, ರೈಲೇನೂ ಬರಲಿಲ್ಲ.

ಅಂಗಳಕ್ಕೆ ಮರಳಿದ ಮೇಲೆ ತಿಳಿಯಿತು, ಹಡೆಸಿದ ಯಜಮಾನತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಗೋಧಿ ಹಸನು ಮಾಡುತ್ತಿದ್ದವಳು ಅವಳ ಸೊಸೆ. ಹುಡುಗಿ ಮತ್ತೆ ಮೊದಲಿಂದ ಎಲ್ಲ ಹೇಳಿತು, ಉಡಿ ತುಂಬುತ್ತೇನೆ ಎಂದದ್ದು, ಮನೆಗೆ ಬೀಗವಿದ್ದದ್ದು. ಸೊಸೆ ಕೇಳುತ್ತ ಆಯಿಯ ಮುಖ ನೋಡಿದಳು. ಆಯಿಯ ಹಣೆ ಬರಿದಾಗಿತ್ತು. ಸೊಸೆ ತಿರುಗಿ ಒಳಗೆ ಹೋದಳು.

ನನ್ನ ಪಟ್ಟಿಯಲ್ಲಿ ಇದು ಇರಲಿಲ್ಲ. ವಿಧವೆಯ ಉಡಿ ತುಂಬುವ ಪದ್ಧತಿ ನಮ್ಮ ಕಡೆ ಇಲ್ಲ, ಅವರ ಕಡೆಯೂ ಇಲ್ಲ. ಇದು ಗೊತ್ತಿದ್ದೇ ಆಯಿ ಬರೀ ಅಂಗಳದಲ್ಲಿ ನಿಂತು ಬರುತ್ತೇನೆ ಎಂದಿದ್ದಳು. ಉಡಿಯ ಮಾತನ್ನು ಇಲ್ಲಿಗೆ ತಂದು ಸುರಿದವರು ನಾವು. ನಾನು ಕಾರಿನ ಕೀ ಹುಡುಕತೊಡಗಿದೆ, ಕೈಯಲ್ಲೇ ಇತ್ತು.

ಸೊಸೆ ಹೊರಗೆ ಬಂದಾಗ ಅವಳ ಒಂದು ಕೈಯಲ್ಲಿ ಮಣೆ, ಇನ್ನೊಂದರಲ್ಲಿ ತಟ್ಟೆ: ತೆಂಗಿನಕಾಯಿ, ಕುಪ್ಪಸದ ಖಣ, ಎಲೆ ಅಡಿಕೆ, ಅರಿಸಿನ ಕುಂಕುಮ. ಮಣೆಯನ್ನು ಮೂಡಲಿಗೆ ಮುಖ ಮಾಡಿ ಹಾಕಿದಳು.

"ನನಗ ನಡೆಂಗಿಲ್ಲ ಅಕ್ಕಾ," ಎಂದಳು ಆಯಿ, ಹಿಂದೆ ಸರಿಯುತ್ತ. "ಮಾಲಕ ಹೋಗ್ಯಾನ."

"ಇದು ಇವತ್ತಿನ ಉಡಿ ಅಲ್ಲವಾ," ಎಂದಳು ಸೊಸೆ. "ಅವತ್ತಿಂದು. ಅವತ್ತ ನೀ ಮುತ್ತೈದಿನ ಇದ್ದಿ. ನಮ್ಮತ್ತಿ ನಿನ್ನ ದಾರಿ ನೋಡಿ ನೋಡಿ ಹೋದ್ಲು. ಬಾ, ಕುಂದರ."

ಆಯಿ ಕೂತಳು. ಮೊಣಕಾಲು ಮಡಚಲು ಬಾರದೆ ಒಂದು ಕಾಲು ಚಾಚಿಯೇ ಕೂತು ಸೆರಗೊಡ್ಡಿದಳು. ಮನೆಯಲ್ಲಿ ಅಕ್ಕಿ ತೀರಿದೆ, ಹೊಸ ಗೋಧಿ ನಡೆಯುತ್ತದಲ್ಲ ಎಂದು ಕೇಳಿ, ಯಾರ ಉತ್ತರಕ್ಕೂ ಕಾಯದೆ, ಸೊಸೆ ಅಂಗಳದ ರಾಶಿಯಿಂದಲೇ ಬೊಗಸೆ ತುಂಬಿ ಹಾಕಿದಳು. ಅರಿಸಿನ ಹಚ್ಚಿದಳು. ಕುಂಕುಮದ ಮೇಲೆ ಬೆರಳಿಟ್ಟು ಒಂದು ಗಳಿಗೆ ತಡೆದಳು, ಮತ್ತೆ ಅದನ್ನೂ ಹಚ್ಚಿದಳು. ಆಯಿ ಕಣ್ಣು ಮುಚ್ಚಿಕೊಂಡಿದ್ದಳು. ಅಳುತ್ತೇನೆಂದು ಹೆದರಿದ್ದ ನಾನು ಅಳಲಿಲ್ಲ. ಹುಡುಗಿ ಅತ್ತಿತು, ಆದರೂ ಫೋನು ಅಲ್ಲಾಡದಂತೆ ಹಿಡಿದಿತ್ತು.

ಅಷ್ಟರಲ್ಲಿ ಕಾವಲಿನ ಹುಡುಗನ ಫೋನು. ಟ್ರಕ್ಕು ಬಂದಿದೆ, ಮುಕಾದಮನಿಗೆ ತನ್ನ ಮೂರು ಸೋದರತ್ತೆಯರ ಕತೆ ಹೇಳಿ ಮುಗಿದಿದೆ, ನಾಲ್ಕನೆಯ ಅತ್ತೆ ಇಲ್ಲ, ಬೇಗ ಬನ್ನಿ ಎಂದ. ಎದ್ದೆವೋ ಬಿದ್ದೆವೋ ಎಂದು ಕಾರಿಗೆ ಓಡಿದೆವು. ಆಯಿಯನ್ನು ಹುಡುಗಿ ಹಿಂದಿನ ಸೀಟಿಗೆ ಹತ್ತಿಸುವಾಗ ನಾನು ಆ ಸೊಸೆಯ ಕೈ ಹಿಡಿದು, ಅತ್ತೆ ನಿಜವಾಗಿ ಇವಳ ಸುದ್ದಿ ಹೇಳಿದ್ದಳೇ ಎಂದು ಕೇಳಿದೆ. ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

"ಹೇಳಿದ್ಲೋ ಇಲ್ಲೋ ಬಿಡ್ರಿ ಬಾಯಾರ," ಎಂದಳು. "ತವರ ಹುಡಿಕ್ಕೊಂಡ ಬಂದಾಕಿಗೆ ಇದಲ್ಲ, ಮುಂದಿನ ಮನಿ ನೋಡಂತ ಹೇಳಾಕ ಬರತೈತೇನ್ರಿ?"

ದಾರಿಯಲ್ಲಿ ಆಯಿ ಎರಡೂ ಕೈಯಲ್ಲಿ ಉಡಿ ಹಿಡಿದಿದ್ದಳು. ಚಪ್ಪಲಿ ಈ ಸಲ ತಾನಾಗಿ ಕೆಳಗೆ ಬಿದ್ದಿತ್ತು. ಆ ತೋಟವಿದ್ದ ಊರಿನ ಹೆಸರೇನೆಂದು ಹುಡುಗಿಯನ್ನು ಕೇಳಿ, ಹೇಳಿದ್ದನ್ನು ಬಾಯಿಪಾಠ ಮಾಡುವ ಮಗುವಿನ ಹಾಗೆ ಮೆಲ್ಲಗೆ ಅಂದುಕೊಳ್ಳುತ್ತಲೇ ಇದ್ದಳು. ಹೊಲದ ಬಳಿ ಇಳಿದವಳೇ ಉಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಪ್ಪಿಯ ಬಿದಿರಿಗೆ ತೂಗುಹಾಕಿ, ತಲೆಗೆ ಸಿಂಬಿ ಇಟ್ಟು, ಕಬ್ಬು ಹೊರುವವರ ಸಾಲಿಗೆ ಸೇರಿಕೊಂಡಳು. ಹಣೆಯ ಕುಂಕುಮ ನೋಡಿ ಯಾರೋ ಏನೋ ಕೇಳಿದರು. ಅವಳು ನಕ್ಕದ್ದು ದೂರದಿಂದ ಕಂಡಿತು, ಹೇಳಿದ್ದು ಕೇಳಲಿಲ್ಲ.

ಮುಂದಿನ ವಾರ ಅದೇ ದಾರಿಯಲ್ಲಿ ಹೋದಾಗ ಹೊಲ ಬೋಳಾಗಿತ್ತು. ಫ್ಯಾಕ್ಟರಿ ಹಂಗಾಮು ಮುಗಿಸಿತ್ತು. ಕಾಲುವೆಯ ಪಕ್ಕ ನುಣ್ಣಗಿನ ಗುಂಡು ಗುಂಡು ಜಾಗಗಳು, ಕಪ್ಪಾದ ಕಲ್ಲುಗಳು. ಕಾರು ನಿಲ್ಲಿಸಿ ನೋಡಿದೆ. ಎಲ್ಲಿಗೆ ಹೋದರೆಂದು ಈ ಸಲ ಯಾರನ್ನೂ ಕೇಳಬೇಕಾಗಿರಲಿಲ್ಲ.

ಎಲ್ಲ ಸರಿಯಾಗಿಯೇ ಧ್ವನಿಮುದ್ರಣವಾಗಿತ್ತು. ಗಾಳಿಯ ಸದ್ದು ಕೂಡ ಹಿತವಾಗಿಯೇ ಇದೆ, ಈಗಲೂ ಆಗಾಗ ಹಚ್ಚಿ ಕೇಳುತ್ತೇನೆ. ಯಾರ ತಂದೆಯೂ ಕಾಲೇಜಿಗೆ ಬರಲಿಲ್ಲ. ಟ್ರ್ಯಾಕ್ಟರು ವಾಲಲಿಲ್ಲ. ಇಷ್ಟೆಲ್ಲ ಸರಿಹೋದದ್ದೇ ನನಗೆ ಕೆಲವು ದಿನ ಚಿಂತೆಯಾಗಿತ್ತು.

ಮಳೆ ಹಿಡಿದ ಮೇಲೆ ಹುಡುಗಿಯ ಫೋನಿಗೆ ಆಯಿ ಕರೆ ಮಾಡಿದಳು. ಮಗಳು ಮನೆಗೆ ಬಂದಿದ್ದಾಳೆ, ದಿನ ತುಂಬಿವೆ, ಅಂಟಿನುಂಡಿ ಕಟ್ಟಿಟ್ಟಾಗಿದೆ. ನೀನು ಹುಟ್ಟಿದ ಊರು ಇಂಥದು ಎಂದು ಮಗಳಿಗೆ ಹೇಳಿಯಾಗಿದೆ. ಎಲ್ಲ ಚಲೋ, ಆದರೆ ಒಂದು ಮಾತು ಕೊರೆಯುತ್ತಿದೆ. ಉಡಿ ತುಂಬಿಸಿಕೊಂಡ ಮಗಳು ಹೊಸ್ತಿಲು ದಾಟುವ ಮುಂಚೆ ಅದರಿಂದ ನಾಲ್ಕು ಕಾಳು ತವರಿನಲ್ಲೇ ಬಿಟ್ಟು ಹೋಗಬೇಕು, ತವರು ತುಂಬಿರಲಿ ಎಂದು. ಟ್ರಕ್ಕಿನ ಅವಸರದಲ್ಲಿ ತಾನು ಬಿಡಲಿಲ್ಲ. ಆ ಮನೆಗೆ ಏನಾದರೂ ಕಡಿಮೆಯಾಗಿದೆಯೇ, ಯಾರಿಗಾದರೂ ಹುಷಾರಿಲ್ಲವೇ, ದನಗಳು ನೆಟ್ಟಗಿವೆಯೇ, ಬಾಯಿಯವರಿಗೆ ಹೇಳಿ ವಿಚಾರಿಸಿ ತಿಳಿಸಬೇಕಂತೆ. ಹುಡುಗಿ ಇದನ್ನು ನನಗೆ ಹೇಳಿ, ನಿಮ್ಮಂಥವರು ಬೀಡದಾಗೂ ಒಬ್ರು ಅದಾರ ನೋಡ್ರಿ ಎಂದು ನಕ್ಕಿತು. ಆ ಮನೆಗೆ ವಿಚಾರಿಸಿದೆವು. ದನಗಳು ನೆಟ್ಟಗಿದ್ದವು.

ಅದಾದ ಮರುವಾರವೇ ಇರಬೇಕು, ಎರಡು ದಿನ ಬಿಡದೆ ಮಳೆ ಸುರಿದು ಹೊಳವಾದ ಬೆಳಿಗ್ಗೆ, ಕಾರು ತೊಳೆಯಲು ಹೋದ ಮನೆಯವರು ಹೊರಗಿನಿಂದ ಕೂಗಿದರು. ಹೋಗಿ ನೋಡಿದರೆ ಹಿಂದಿನ ಬಾಗಿಲು ತೆಗೆದು ನಿಂತಿದ್ದಾರೆ. ಸಡಿಲಾದ ರಬ್ಬರಿನ ಸಂದಿಯಿಂದ ನೀರು ಇಳಿದು ಕಾಲಡಿಯ ಮ್ಯಾಟು ತೊಯ್ದು ತೊಪ್ಪೆಯಾಗಿತ್ತು. ಆಯಿ ಕೂತಿದ್ದ ಕಡೆ, ಸೀಟಿನ ಕಬ್ಬಿಣಕ್ಕೂ ಮ್ಯಾಟಿಗೂ ನಡುವೆ, ಬಿಳಿಚಿದ ಹಸಿರು ಬಣ್ಣದ ಗೋಧಿಯ ಎಳೆ ಸಸಿಗಳು ಬೆಳಕಿದ್ದ ಕಡೆಗೆ ಬಾಗಿ ನಿಂತಿದ್ದವು.

ಇದು ನಿನ್ನ ಪಟ್ಟಿಯಲ್ಲಿ ಇತ್ತೇ ಎಂದು ಕೇಳಿದರು.

ಇರಲಿಲ್ಲ. ಅವತ್ತು ತಪ್ಪಿದ್ದು ಅದೊಂದೇ: ಆ ಅಂಗಳದಲ್ಲಿ ಉಳಿಯಬೇಕಾಗಿದ್ದ ನಾಲ್ಕು ಕಾಳು ನನ್ನ ಕಾರಿನಲ್ಲಿ ಉಳಿದಿದ್ದವು.